ಮೈಸೂರಲ್ಲಿ ಮನೆ ಇರುವ ಹುಡುಗ

ಜೂನ್ 12, ಗುರುವಾರ. ಮಧ್ಯಾಹ್ನ 1.20, ಲ್ಯಾಬ್

ಬೆಳಿಗ್ಗೆಯಿಂದ ಮೂವತ್ತೆರಡು ಜನರ ರಕ್ತ ತೆಗೆದೆ. ಅರ್ಧ ನಾಗಮಂಗಲಕ್ಕೆ ಶುಗರ್, ಇನ್ನರ್ಧಕ್ಕೆ ಜ್ವರ. ಹುರಿಮೀಸೆಯ ಆಸಾಮಿಯೊಬ್ಬ ಸೂಜಿ ನೋಡಿದ್ದೇ 'ಅವ್ವೋ' ಅಂದ. ಇನ್ನೂ ಚುಚ್ಚಿರಲೇ ಇಲ್ಲ. ನಕ್ಕುಬಿಟ್ಟೆ. ಡಾಕ್ಟರು ಗದರಿದರು.

ಊಟದ ಡಬ್ಬಿ ಬಿಚ್ಚುವಷ್ಟರಲ್ಲಿ ಅಪ್ಪನ ಫೋನ್. ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟದವರು ಒಪ್ಪಿದ್ದಾರಂತೆ. ಹೋದ ವಾರ ನನ್ನನ್ನು ನೋಡಿಕೊಂಡು ಹೋದ ಹುಡುಗ, ರವೀಂದ್ರ — ಭಾನುವಾರ ಅವನೂ ಅವನ ತಾಯಿಯೂ ನನಗೆ ಮೈಸೂರು ತೋರಿಸುತ್ತಾರೆ. ಜೊತೆಗೆ ಅವರ ಮೈಸೂರಿನ ಮನೆಯನ್ನೂ. ಭೂಮಿ ಊರಲ್ಲಿ, ಹುಡುಗನ ವಾಸ ಮೈಸೂರಲ್ಲಿ ಅಂತ ಹೇಳಿದ್ದರು.

ಇದು ನನ್ನದೇ ಹಟ. ನಮ್ಮ ಕಡೆ ಗಂಡಿನ ಮನೆ ನೋಡಲಿಕ್ಕೆ ಹೋಗುವುದು ಹಿರಿಯರು. ಹೋಗಿ ಬಾಡೂಟ ಉಂಡು ಬಂದರೆ ಮುಗಿಯಿತು, ಒಪ್ಪಿದ ಹಾಗೆ. ಬಾಳಬೇಕಾದವಳು ನಾನು, ಉಂಡು ಬರುವವರು ಅವರು — ಯಾವ ನ್ಯಾಯ? ಮೊದಲು ನಾನು ನೋಡುತ್ತೇನೆ ಅಂದೆ.

'ಆಯ್ತು ಓಗ್ಬುಟ್ಟು ಬಾರವ್ವ,' ಅಂದರು ಅಪ್ಪ. 'ಅವ್ರ ತಾಯಿ ಜೊತೇಲಿರ್ತಾರಲ್ಲ. ಆದ್ರೆ ಆಷಾಡ ಬರೋದ್ರೊಳ್ಗೆ ಏನಾರ ಒಂದು ಮಾತು ಏಳ್ಬುಡು. ಈಗ್ಲೇ ಮೂವತ್ತೊಂದು ನಿಂಗೆ.'

ನನ್ನ ವಯಸ್ಸು ನನಗೆ ಗೊತ್ತಿಲ್ಲ ನೋಡಿ!


ಅದೇ ದಿನ, 4.10

ಜನ ಇಲ್ಲ. ಬರೆದುಬಿಡುತ್ತೇನೆ, ಇಲ್ಲಿ ಬಿಟ್ಟರೆ ಇನ್ನೆಲ್ಲೂ ಹೇಳುವ ಹಾಗಿಲ್ಲ.

ಮೈಸೂರಲ್ಲಿ ಮನೆ ಇದ್ದರೆ ಮಾತ್ರ ಅಂತ ಷರತ್ತು ಹಾಕಿದ್ದು ನಾನು. ಬ್ರೋಕರ್ ಅಶೋಕನಿಗೆ ಫೋನಿನಲ್ಲೇ ಹೇಳಿದ್ದೆ. 'ಊರಲ್ಲಿ ಎಷ್ಟು ಎಕರೆ ಇದ್ರೂ ನಂಗೆ ಬೇಡ. ಅಪ್ಪನಿಗೆ ಮಾತ್ರ ಹೇಳ್ಬೇಡಿ.'

ಅಪ್ಪ ಕೆಂಪಣ್ಣ, ಮೂರು ಎಕರೆ ರಾಗಿ-ತೆಂಗಿನ ಮೇಲೆ ನಮ್ಮಿಬ್ಬರು ಹೆಣ್ಣುಮಕ್ಕಳನ್ನೂ ಓದಿಸಿದ ಮನುಷ್ಯ. ಮಗಳಿಗೇ ಬೇಸಾಯದ ಮನೆ ಬೇಡವಂತೆ ಅಂದರೆ? ಕೂಗಾಡುವುದಿಲ್ಲ. ಸುಮ್ಮನಾಗಿಬಿಡುತ್ತಾರೆ. ಅದು ನನಗೆ ನೋಡಲಿಕ್ಕಾಗದು.

ಆದರೆ ಅಕ್ಕನನ್ನೂ ನೋಡಲಿಕ್ಕಾಗದು. ಶ್ವೇತಕ್ಕನನ್ನು ಕೆ.ಆರ್. ಪೇಟೆ ಹತ್ತಿರ ಕೊಟ್ಟು ಹನ್ನೊಂದು ವರ್ಷ. ಒಂದು ರಾತ್ರಿಯೂ ತವರಲ್ಲಿ ಮಲಗಿಲ್ಲ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಹತ್ತಕ್ಕೆ ಬರುತ್ತಾಳೆ, ಮೂರಕ್ಕೆ ಹೊರಡುತ್ತಾಳೆ — ಸಂಜೆ ಮತ್ತೆ ಕರೆಯಬೇಕು. ಅಮ್ಮನ ಕಾಲು ಮುರಿದಾಗಲೂ ಹಾಗೇ. ಹಸು ಕಟ್ಟಿರುವುದು ಗೂಟಕ್ಕೋ ಅಕ್ಕನಿಗೋ?

ನನಗೆ ಆ ಬಾಳು ಬೇಡ. ಅಷ್ಟೆ.


ಜೂನ್ 15, ಭಾನುವಾರ. ಬೆಳಿಗ್ಗೆ 8.15, ಬಸ್ಸಿನಲ್ಲಿ

ಮಳೆ. ಕಿಟಕಿ ಗಾಜು ಮುಚ್ಚುವುದಿಲ್ಲ. ಎಡಗೈ ಪೂರ್ತಿ ಒದ್ದೆ, ಬಲಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದಂತೆ.

ಈಗ ಪಾಂಡವಪುರದಲ್ಲಿ ಏನಾಯಿತು ಅಂದರೆ — ಮೈಸೂರು ಬಸ್‌ ಸ್ಟ್ಯಾಂಡಿನಲ್ಲಿ ನನಗಾಗಿ ಕಾಯುತ್ತೇವೆ ಅಂದಿದ್ದ ತಾಯಿ ಮಗ ಇಬ್ಬರೂ ಪಾಂಡವಪುರದಲ್ಲಿ ಇದೇ ಬಸ್ಸು ಹತ್ತಿದರು! ತಾಯಿ ಅಣ್ಣಮ್ಮ, ದೊಡ್ಡ ಪ್ಲಾಸ್ಟಿಕ್‌ ಚೀಲ ತಲೆ ಮೇಲೆ ಹಿಡಿದುಕೊಂಡು, ನನ್ನನ್ನು ಕಂಡಿದ್ದೇ ಬಸ್ಸಿಗೆಲ್ಲ ಕೇಳುವ ಹಾಗೆ, 'ಲೇ ರವಿ! ನಮ್ ಉಡುಗಿ ಇಲ್ಲೇ ಅವ್ಳೆ ಕಣ್ಲಾ!'

ಅವನ ಮುಖ ನೋಡಬೇಕಿತ್ತು. ಪಾಪ.

'ಅವ್ವನ್ನ ಕರ್ಕೊಂಡ್‌ ಬರೋಣ ಅಂತ ನೆನ್ನೆ ಊರಿಗ್‌ ಹೋಗಿದ್ದೆ,' ಅಂದ. ನಾನು 'ಓ' ಅಂದೆ. ಅಣ್ಣಮ್ಮ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡತೊಡಗಿದರು, ಜನ್ಮದಲ್ಲಿ ಕಬ್ಬೇ ಕಾಣದವರ ಹಾಗೆ.

ಅವನು ಮುಂದಿನ ಸೀಟಿನ ಕಂಬಿ ಹಿಡಿದಿದ್ದಾನೆ. ಹೆಬ್ಬೆರಳ ಗೆಣ್ಣಿನ ಮೇಲೆ ಗಟ್ಟಿ ಗಂಟು. ದಿನಾ ನೂರು ಕೈ ನೋಡುವವಳು ನಾನು. ಅದು ಹೆಬ್ಬೆರಳು ಮಡಚಿ ಹಾಲು ಕರೆಯುವವರ ಗಂಟು. ಅಕ್ಕನಿಗೂ ಇದೆ.

ಶ್ರೀರಂಗಪಟ್ಟಣ ಬಂತು. ಹೊಳೆ ಕೆಂಪಗೆ ತುಂಬಿದೆ. ಅಣ್ಣಮ್ಮ ಕೈ ಮುಗಿದು ನನ್ನ ಕಡೆ ತಿರುಗಿ, 'ನೀನೂ ಮುಗಿ ಮಗ' ಅಂದರು. ಪೆನ್ನು ಇಡ—


ಜೂನ್ 16, ಸೋಮವಾರ. 11.30, ಲ್ಯಾಬ್

ನಿನ್ನೆ ಬರೆಯಲಾಗಲಿಲ್ಲ. ಇವತ್ತು ಜನ ಬಂದಾಗ ನಿಲ್ಲಿಸಿ, ಹೋದಾಗ ಬರೆಯುತ್ತೇನೆ.

ಮೊದಲು ದೋಸೆ. ಬಸ್‌ ಸ್ಟ್ಯಾಂಡಿನಿಂದ ಮಾರ್ಕೆಟ್ಟಿನ ತನಕ ಮೂರು ಜನ, ಒಂದೇ ಛತ್ರಿ. ಹೆಂಗಸರಿಗೆ ಛತ್ರಿ ಕೊಟ್ಟು ಅವನು ನೆನೆದ. ಹೋಟೆಲಿನಲ್ಲಿ ಮಸಾಲೆ ದೋಸೆ ಬಂತು, ಬೆಣ್ಣೆ ಮೇಲಿಂದ ಜಾರುತ್ತಿದೆ. ಅಣ್ಣಮ್ಮ ಅವರದನ್ನು ಮುಟ್ಟಲಿಲ್ಲ.

'ತಿನ್ನಿ ಆಂಟಿ.'

'ಆಂಟಿ ಅಂತಾವ್ಳೆ ನೋಡ್ಲಾ! ನೀವ್‌ ತಿನ್ನಿ ಮಗ. ನಾ ಆಮ್ಯಾಕೆ ತಿಂತೀನಿ.'

'ಆಮೇಲೆ ಅಂದ್ರೆ? ಆರೋಗುತ್ತೆ.'

'ಅವ್ವ ಎಲ್ರೂ ಉಂಡ್‌ ಮೇಲೇ ಉಣ್ಣೋದು,' ಅಂದ ರವೀಂದ್ರ. 'ನಲ್ವತ್ತು ವರ್ಷದಿಂದ ಅಭ್ಯಾಸ. ಹೋಟ್ಲಿಗ್‌ ಬಂದಿರೋದು ಇದೇ ಮೊದ್ಲು.'

ಎಲ್ಲರೂ ಅಂದರೆ ನಾವಿಬ್ಬರೇ ಅಂದುಕೊಂಡೆ. ಅಲ್ಲ. ಬಡಿಸುವವನು ನೀರು ತಂದಾಗ ಅವನನ್ನೂ ಕೇಳಿದರು: 'ನಿಂದು ತಿಂಡಿ ಆಯ್ತೇನಪ್ಪ?' ಅವನು ಬೆಪ್ಪಾಗಿ, 'ನಮ್ದು ಹನ್ನೊಂದ್‌ ಗಂಟೆಗಮ್ಮ' ಅಂದ. ಅಯ್ಯೋ ಶಿವನೇ ಅಂತ ದೋಸೆಯನ್ನು ಇನ್ನಷ್ಟು ದೂರ ತಳ್ಳಿದರು. ಹನ್ನೊಂದರ ತನಕ ಕಾಯುವ ಅಂದಾಜೇನೋ!

ನನಗೆ ರೇಗಿತು. ನಾನೂ ತಟ್ಟೆ ತಳ್ಳಿದೆ. 'ನೀವು ತಿನ್ನೋ ತನಕ ನಾನೂ ತಿನ್ನಲ್ಲ.' ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಪಕ್ಕದ ಟೇಬಲ್ಲಿನ ಫ್ಯಾಮಿಲಿ ನಮ್ಮನ್ನು ನೋಡಿತು. ರವೀಂದ್ರ ಮಧ್ಯೆ ಕೂತು ಒಂದು ತುತ್ತು ಬಾಯಿಗಿಡುವ ಧೈರ್ಯವಿಲ್ಲದೆ, 'ಇಬ್ರೂ ಒಂದೇ ಸಲ ಎತ್ರಿ. ನಾ ಎಣಿಸ್ತೀನಿ. ಒಂದು, ಎರಡು…' ಅಂದ.

ಮೂರಕ್ಕೆ ಇಬ್ಬರೂ ತಿಂದೆವು. ಅಣ್ಣಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. 'ಬಿಸೀದು ಇಷ್ಟು ಚೆನ್ನಾಗಿರ್ತದಾ ಮಗ?' ಅಂದರು.



(ಒಬ್ಬ ಪೇಷೆಂಟ್. ಥೈರಾಯ್ಡ್. ಬಂದೆ.)


12.15

ಅರಮನೆ. ಚಪ್ಪಲಿ ಬಿಟ್ಟು ಒದ್ದೆ ಕಲ್ಲಿನ ಮೇಲೆ ಬರಿಗಾಲು, ಜಾರದಿರಲಿ ಅಂತ ಅಣ್ಣಮ್ಮ ನನ್ನ ಕೈ ಹಿಡಿದರು. ಒಳಗೆ ಬಂದ ಮೇಲೂ ಬಿಡಲಿಲ್ಲ. ಜನವೆಲ್ಲ ಚಿನ್ನ, ಗಾಜು, ಕಂಬ ಅಂತ ಕತ್ತೆತ್ತಿ ನೋಡುತ್ತಿದ್ದರೆ ಇವರು ನೆಲ ನೋಡುತ್ತಿದ್ದರು.

'ಇದ್ನೆಲ್ಲ ಗುಡ್ಸೋರು ಎಷ್ಟು ಜನ ಇದ್ದಾರು ಮಗ?' ಸ್ವಲ್ಪ ಹೊತ್ತಿಗೆ, 'ಅಡ್ಗೆಮನೆ ಎಲ್ಲಿ?' ಅಲ್ಲಿದ್ದ ಸೆಕ್ಯುರಿಟಿಯವನನ್ನೇ ಕೇಳಿಬಿಟ್ಟರು. ಅದನ್ನು ತೋರಿಸುವುದಿಲ್ಲ ಅಂದಾಗ ಬೇಜಾರಾಯಿತು. 'ಅಡ್ಗೆಮನೆ ತೋರಿಸ್ದೆ ಮನೆ ತೋರಿಸ್ತಾವ್ರಂತೆ!'

ರವೀಂದ್ರ ನಮ್ಮ ಹಿಂದೆ ಹಿಂದೆ. ಮಾತು ಕಡಿಮೆ. ಏನು ಕೇಳಿದರೂ ಒಂದು ಗಳಿಗೆ ಯೋಚಿಸಿ ಹೇಳುತ್ತಾನೆ. 'ನಿಮ್ಗೆ ರಕ್ತ ನೋಡಿದ್ರೆ ಹೆದ್ರಿಕೆ ಆಗಲ್ವಾ?' ಅಂದ. ಆಗಲ್ಲ ಅಂದೆ. 'ನಂಗಾಗುತ್ತೆ' ಅಂದ. ಯಾವ ಗಂಡಸು ಹೀಗೆ ಒಪ್ಪಿಕೊಳ್ಳುತ್ತಾನೆ?

ಇಷ್ಟವಾದ. ಹೂಂ, ಬರೆದೆ. ಅಳಿಸುವುದಿಲ್ಲ.

ಝೂಗೆ ಹೋಗಿ ಗೇಟಿನಿಂದಲೇ ವಾಪಸ್, ಅಷ್ಟು ಮಳೆ. ಒಂದು ಮಿಲ್ಟ್ರಿ ಹೋಟೆಲಿನಲ್ಲಿ ಮುದ್ದೆ, ಮಟನ್‌ ಸಾರು. ಈ ಸಲ ಎಣಿಸುವ ಮೊದಲೇ ಅಣ್ಣಮ್ಮ ಕಳ್ಳಿಯ ಹಾಗೆ ಒಂದು ತುತ್ತು ನುಂಗಿ, 'ನಾನೇ ಪಸ್ಟು!' ಅಂದರು. ಅರವತ್ತೆರಡು ವಯಸ್ಸು!

ಒಂದೂವರೆಗೆ ನಾನೇ ಬಾಯಿಬಿಟ್ಟೆ. 'ಮಳೆ ಬಿಡೋ ಹಾಗಿಲ್ಲ. ಮನೆಗೇ ಹೋಗೋಣ.'

ತಾಯಿ ಮಗ ಮುಖ ಮುಖ ನೋಡಿಕೊಂಡರು.


2.40

ಬೋಗಾದಿ ಕಡೆ. ಆಟೋದವನಿಗೆ ದಾರಿ ಹೇಳುವಾಗ ರವೀಂದ್ರ ಎರಡು ಸಲ ತಪ್ಪಿದ. ಬೀಗ ತೆಗೆಯಲಿಕ್ಕೆ ಮೂರು ಬೀಗದ ಕೈ ಪ್ರಯತ್ನ. ಅಣ್ಣಮ್ಮ ಕಾಲು ತೊಳೆಯುತ್ತೇನೆ ಅಂತ ಹೋಗಿ ದೇವರ ಮನೆಯ ಬಾಗಿಲು ತೆಗೆದರು. ನಾನು ಗೋಡೆ ಮೇಲಿನ ಕ್ಯಾಲೆಂಡರ್ ನೋಡುತ್ತಿರುವ ಹಾಗೆ ನಟಿಸಿದೆ. ಕ್ಯಾಲೆಂಡರು ಇನ್ನೂ ಜನವರಿಯಲ್ಲೇ ಇತ್ತು.

ಕಾಫಿಪುಡಿ ತರಲಿಕ್ಕೆ ಅವನು ಹೊರಗೆ ಹೋದ. ನಾನು ಅಡುಗೆಮನೆಗೆ ಹೋದೆ. ಹೊಸ ಸ್ಟವ್‌, ದಾರಿಯಲ್ಲಿ ತಂದ ಹಾಲಿನ ಪ್ಯಾಕೆಟ್. ಉಪ್ಪಿಲ್ಲ. ಸಾಸಿವೆ ಇಲ್ಲ. ಗೋಡೆಗೆ ಒಂದು ಚುಕ್ಕೆ ಎಣ್ಣೆ ಸಿಡಿದಿಲ್ಲ. ಅಣ್ಣಮ್ಮ ಪಾತ್ರೆ ಹುಡುಕುತ್ತಾ ಎಲ್ಲ ಬಾಗಿಲು ತೆಗೆದು ಮುಚ್ಚಿ, ಕೊನೆಗೆ ನೆಲದ ಮೇಲೆ ಕೂತುಬಿಟ್ಟರು.

'ಮಗ, ನಂಗೆ ಇನ್ನು ಆಗಾಕಿಲ್ಲ. ಈ ಮನೆ ನಮ್ದಲ್ಲ ಕನವ್ವ. ನಿಂಗೆ ತೋರ್ಸಕ್ಕೆ ಅಂತ ಮೂರು ತಿಂಗ್ಳಿಗೆ ಬಾಡ್ಗೆಗೆ ತಕಂಡವ್ನೆ ರವಿ. ಸ್ಟವ್ವು ನಮ್ಮಣ್ಣನ ಮಗಂದು. ಮಂಚ ಯಾರ್ದೋ ನಂಗೇ ಗೊತ್ತಿಲ್ಲ.'

ನಾನೂ ಪಕ್ಕದಲ್ಲಿ ಕೂತೆ.

'ಆರು ಕಡೆ ಆಗೋಯ್ತು. ದನ ಕಟ್ಟಿರೋ ಮನೆ ಅಂದೇಟ್ಗೆ ಬ್ಯಾಡ ಅಂತಾರೆ. ಮೂವತ್ತೈದು ತುಂಬ್ತು ನನ್‌ ಮಗಂಗೆ. ಅಶೋಕ ಬಂದು ಮೈಸೂರಲ್ಲಿ ಮನೆ ತೋರ್ಸುದ್ರೆ ಆಯ್ತದೆ ಅಂದ. ಇವ್ನು ಒಲ್ಲೆ ಅಂದ. ನಾನೇ ಕಣ್‌ ಮಗ, ಕಾಲ್‌ ಕಟ್ಕಂಡು ಒಪ್ಪಿಸ್ದೆ. ಬಯ್ಯದಾದ್ರೆ ನನ್ನ ಬಯ್ಯಿ.'

'ಮೈಸೂರಲ್ಲಿ ಮನೆ ಬೇಕು ಅಂದಿದ್ದು ನಾನೇ,' ಅಂದೆ.

'ಗೊತ್ತು ಕನವ್ವ. ಅಶೋಕ ಏಳ್ದ. ನಿಮ್ಮಪ್ಪಂಗೆ ಗೊತ್ತಿಲ್ಲ ಅಂತ್ಲೂ ಏಳ್ದ. ನಾವ್ಯಾಕೆ ಏಳಾನ, ಬುಡು. ಕೇಳಿದ್ದು ತಪ್ಪಲ್ಲ. ನಿನ್‌ ವಯಸ್ನಲ್ಲಿ ನಂಗೆ ಕೇಳಕ್ಕೆ ಬಾಯೇ ಇರ್ಲಿಲ್ಲ.'

ಥೂ. ಬೈದಿದ್ದರೆ ಚೆನ್ನಾಗಿತ್ತು.

'ಹಾಲು ಕರೆಯೋದು ಯಾರು?' ಕೇಳಿಯೇಬಿಟ್ಟೆ.

'ಇನ್ಯಾರು, ಅವ್ನೇ. ಎರಡೊತ್ತೂ. ಆ ದೊಡ್ಡ ಅಸ ಬ್ಯಾರೆಯೋರು ಕೈ ಆಕುದ್ರೆ ಒದೀತದೆ. ಸಗಣಿ ಬಾಚೋದು ನಾನು. ಅದ್ನೂ ಏಳ್ಬುಡ್ತೀನಿ, ಆಮ್ಯಾಕೆ ಮುದ್ಕಿ ಮುಚ್ಚಿಟ್ಲು ಅನ್ಬ್ಯಾಡ.' ಗೇಟಿನ ಸದ್ದಾಯಿತು. ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದರು, 'ನಾನ್‌ ಏಳ್ದೆ ಅಂತ ಅವಂಗೆ ಏಳ್ಬ್ಯಾಡ ಕಣ್‌ ಮಗ.'

ಕಾಫಿಗೆ ಸಕ್ಕರೆಯೇ ಇರಲಿಲ್ಲ. ಮೂವರೂ ಕಹಿ ಕಾಫಿ ಕುಡಿದೆವು. ಚೆನ್ನಾಗಿದೆ ಅಂತ ಮೂವರೂ ಹೇಳಿದೆವು.

ಮೂರು ಗಂಟೆಯಿಂದ ಅವನು ಗಡಿಯಾರ ನೋಡತೊಡಗಿದ. ಯಾಕೆ ಅಂತ ನನಗೆ ಗೊತ್ತು. ಅಕ್ಕ ನೋಡುವುದೂ ಹಾಗೆಯೇ. 'ನಡೀರಿ, ಬಸ್‌ ಇದೆ ಈಗ,' ಅಂದೆ. ಅವನ ಮುಖದ ಮೇಲಿನ ಭಾರ ಇಳಿದದ್ದು ಕಂಡಿತು. ಗಂಡಸೂ ಹಸುವಿನ ಗೂಟಕ್ಕೆ ಕಟ್ಟಿಸಿಕೊಂಡಿರುತ್ತಾನೆ ಅಂತ ನಾನು ಯೋಚಿಸಿಯೇ ಇರಲಿಲ್ಲ.


ಜೂನ್ 17, ಮಂಗಳವಾರ

ಅಪ್ಪ: 'ಮನೆ ಎಂಗೈತವ್ವ?'

ನಾನು: 'ಗಾಳಿ ಬೆಳಕು ಚೆನ್ನಾಗಿದೆ.'

ಇದೂ ಸುಳ್ಳಲ್ಲ. ಸಾಮಾನೇ ಇಲ್ಲದಿದ್ದರೆ ಗಾಳಿ ಬೆಳಕು ಚೆನ್ನಾಗಿಯೇ ಇರುತ್ತದೆ.


ಜೂನ್ 19, ಗುರುವಾರ. 5.50, ಬಸ್‌ ಸ್ಟ್ಯಾಂಡ್

ರವೀಂದ್ರನ ಫೋನ್. ನನಗೆ ನೇರ, ಮೊದಲ ಸಲ.

'ಒಂದ್‌ ಮಾತು ಹೇಳ್ಬೇಕು. ಹೇಳಿದ್‌ ಮೇಲೆ ಬೇಡ ಅಂದ್ರೂ ಬೇಜಾರಿಲ್ಲ… ಇಲ್ಲ, ಬೇಜಾರಾಗುತ್ತೆ. ಆದ್ರೂ ಹೇಳ್ಬೇಕು.'

ಹೇಳಿದ. ಪೂರ್ತಿ. ತಾಯಿಯ ಮೇಲೆ ಹಾಕಲಿಲ್ಲ, ಬ್ರೋಕರ್ ಮೇಲೂ ಇಲ್ಲ. ನಾನು ತಗೊಂಡೆ, ನಾನು ತೋರಿಸಿದೆ, ಅಂದ.

'ನಂಗೊತ್ತು,' ಅಂದೆ.

'ಅವ್ವ ಹೇಳ್ತಾ?'

'ಏ, ಇಲ್ಲಪ್ಪ. ಉಪ್ಪಿಲ್ಲದ ಮನೆ ಸ್ವಂತದ್ದು ಅಂದ್ರೆ ಯಾರು ನಂಬ್ತಾರೆ?' ಅಣ್ಣಮ್ಮನಿಗೆ ಕೊಟ್ಟ ಮಾತು ಉಳಿಸಿಕೊಂಡೆ.

ನಕ್ಕ. ಫೋನಿನಾಚೆ ಹಸು ಅಂಬಾ ಅಂದಿತು. ಹೊತ್ತು ಆರು.

ನಾನೇ ಕೇಳಿದೆ, 'ನಂಗೆ ಹಾಲು ಕರೆಯೋಕೆ ಬರಲ್ಲ. ಕಲಿಯೋದೂ ಇಲ್ಲ. ಲ್ಯಾಬ್‌ ಕೆಲ್ಸ ಬಿಡಲ್ಲ, ಕೆ.ಆರ್. ಪೇಟೆಲಿ ಹುಡುಕ್ತೀನಿ. ತವರಿಗ್‌ ಬಂದ್ರೆ ನಾಲ್ಕು ದಿನ ಇರ್ತೀನಿ. ಆಗುತ್ತಾ?'

ಒಂದು ಗಳಿಗೆ ಯೋಚಿಸಿದ. ಯೋಚಿಸುತ್ತಾನೆ, ಗೊತ್ತಲ್ಲ. 'ನಾಲ್ಕು ಅಂದ್ರೆ ನಾಲ್ಕೇನಾ? ಐದಾರು ಆಗ್ಬಾರ್ದು,' ಅಂದ.

ಬಸ್‌ ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಂತು ನಕ್ಕರೆ ಜನ ಏನು ತಿಳಿಯಬೇಕು!

ಭಾನುವಾರ ತಾಯಿಯ ಜೊತೆ ಬಂದು ಅಪ್ಪನಿಗೆ ತಾನೇ ನಿಜ ಹೇಳುತ್ತಾನಂತೆ. 'ಸುಳ್ಳು ಇಟ್ಕೊಂಡು ನಿಮ್ಮಪ್ಪನ ಕಾಲಿಗ್‌ ಬೀಳೋಕಾಗಲ್ಲ.' ಬೀಗದ ಕೈ ಆಗಲೇ ವಾಪಸ್‌ ಕೊಟ್ಟಾಗಿದೆ.

ಅವನು ಹೇಳುತ್ತಾನೆ ಸರಿ. ಷರತ್ತಿನ ವಿಷಯ? ಆಗ ನಾನು, 'ಆ ಮಾತು ಅಪ್ಪನಿಗೆ ನಾನು ಹೇಳ್ತೀನಿ' ಅನ್ನಬೇಕಿತ್ತು. ಅನ್ನಲಿಲ್ಲ. ಅವನೂ ಕೇಳಲಿಲ್ಲ.


ಜೂನ್ 21, ಶನಿವಾರ. ಸಂಜೆ

ಹೇಳಲೇಬೇಕು ಅಂತ ತೋಟಕ್ಕೆ ಹೋದೆ. ಅಪ್ಪ ತೆಂಗಿನ ಬುಡಕ್ಕೆ ಪಾತಿ ಮಾಡುತ್ತಿದ್ದರು. ಮಳೆಗೆ ಮಣ್ಣು ಹದವಾಗಿತ್ತು. ಗುದ್ದಲಿ ಊರಿ ನಿಂತರು.

'ನಂಗೇನು ಖುಷಿ ಗೊತ್ತಾ ರಂಜಿ? ಮೈಸೂರಲ್ಲಿ ಮನೆ ಇದ್ರೂ ಆ ಉಡುಗ ಭೂಮಿ ಬುಟ್ಟಿಲ್ಲ. ಈಗಿನ್‌ ಕಾಲ್ದ ಎಣ್ಮಕ್ಳು ರೈತ ಅಂದ್ರೆ ಮೂಗ್‌ ಮುರೀತಾವೆ. ನನ್‌ ಮಗ್ಳು ಅಂಗಲ್ಲ ಅಂತ ನೆನ್ನೆ ಡೈರಿ ತಾವ ಎಲ್ರುಗೂ ಏಳ್ದೆ.'

ಗುದ್ದಲಿ ಇಸಿದುಕೊಂಡು ಎರಡು ಪಾತಿ ನಾನೇ ಮಾಡಿದೆ. ಕೈಯಲ್ಲಿ ಬೊಬ್ಬೆ ಬಂತು, ಮಾತು ಬರಲಿಲ್ಲ.


ಜೂನ್ 22, ಭಾನುವಾರ. 11.40, ಒಳಕೋಣೆ

ಬಂದಿದ್ದಾರೆ. ಅಣ್ಣಮ್ಮ ಹೊಸ ಸೀರೆ ಉಟ್ಟಿದ್ದಾರೆ. ಅಮ್ಮ ನನ್ನನ್ನು ಇಲ್ಲಿಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. ಗಂಡಸರು ಮಾತಾಡಲಿ ಅಂತ. ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ.

ಹೇಳಿದ. ಸುತ್ತಿ ಬಳಸದೆ. 'ಆ ಮನೆ ನಮ್ದಲ್ಲ. ತೋರ್ಸೋಕೆ ಬಾಡಿಗೆ ತಗೊಂಡಿದ್ದೆ. ತಪ್ಪಾಯ್ತು.'

ಅಪ್ಪನ ಸದ್ದೇ ಇಲ್ಲ.


11.50

ಈಗ ಬಂತು ಸದ್ದು. 'ನಾನು ನಿನ್ನ ಮನೆ ಕೇಳಿದ್ನೇನಪ್ಪ? ನಾನೂ ಮಣ್‌ ಮುಟ್ಟೋನೇ. ಬರೀ ಭೂಮಿ ಐತೆ ಅಂತ ಬಂದಿದ್ರೂ ಕಣ್ಗೊತ್ಕಂಡು ಕೊಡ್ತಿದ್ದೆ. ನನ್‌ ಮಗ್ಳು ಅದ್ಕೆ ಬ್ಯಾಡ ಅಂತಿದ್ಲಾ? ಅಂಗೆ ಯಾರ್‌ ಏಳುದ್ರು ನಿಂಗೆ?'

ಯಾರ್‌ ಏಳುದ್ರು ನಿಂಗೆ.

ಒಂದು ಮಾತು ಸಾಕು ಅವನಿಗೆ. ಹೇಳಿದರೆ ಬೈಗುಳವೆಲ್ಲ ಈ ಕಡೆ ತಿರುಗುತ್ತದೆ. ಹೇಳಲಿಲ್ಲ. 'ಯಾರೂ ಹೇಳ್ಲಿಲ್ಲ. ನಂಗೇ ಹಂಗನ್ನಿಸ್ತು,' ಅಂದ.

'ಏಳಮ್ಮ, ನೀವಾರ ಏಳಿ!' ಅಂತ ಅಪ್ಪ ಈಗ ಅಣ್ಣಮ್ಮನ ಮೇಲೆ. ಅಣ್ಣಮ್ಮನೂ, 'ನಮ್ದೇ ತಪ್ಪು ಕನಣ್ಣ' ಅಂತಿದ್ದಾರೆ. ಅಳುತ್ತಿದ್ದಾರೆ.

ಕುರ್ಚಿ ಸರಿದ ಸದ್ದು. ಹೊರಟರಾ? ಅಪ್ಪ 'ನನ್‌ ಮಗಳ ಮರ್ಯಾದೆ' ಅಂತ ಏನೋ ಅನ್ನುತ್ತಿದ್ದಾರೆ. ನನ್ನ ಮರ್ಯಾದೆ! ನಾನಿಲ್ಲಿ ಪೆನ್ನು ಹಿಡಿದು ಕೂತಿದ್ದೇನೆ, ನನ್ನ ಮರ್ಯಾದೆಯನ್ನು ಅವರಿಬ್ಬರು ಬೈಸಿಕೊಂಡು ಕಾಯುತ್ತಿದ್ದಾರೆ.

ಅಪ್ಪ ಸುಮ್ಮನಾಗುತ್ತಾರೆ. ಆಗಲಿ. ನೋಡುತ್ತೇನೆ. ಬಾಗಿಲು ತೆಗೆದು ಎದುರಿಗೆ ನಿಂತು ಹೇಳುತ್ತೇನೆ: ಅಪ್ಪ, ಅವ್ರನ್ನ ಬೈಬೇಡಿ, ಬೇಸಾಯದ ಮನೆ ಬೇಡ ಅಂದಿದ್ದು, ಮೈಸೂರಲ್ಲಿ ಮನೆ ಕೇಳಿದ್ದು ನಾ—